ಜಾಸ್ತಿ ಓಡದ ಲೇತ್ ಮಾರ್ತಾ ಇದೀನಿ, ಬಂದು ಓಡಿಸಿ ನೋಡಿ

ಲೇತ್ (ಲೋಹದ ರಾಡನ್ನ ತಿರುಗಿಸ್ತಾ ಕೊರೆಯೋ ಮಷೀನ್) ಮಾರೋದು ಅಂತ ಕೊನೆಗೂ ತೀರ್ಮಾನ ಮಾಡ್ದೆ, ಮನಸ್ಸಿಗೆ ಕಷ್ಟಾನೇ ಆಯ್ತು. ತಗೊಂಡಾಗ ದಿನಾ ಸಂಜೆ ಕೂತು ಕೆಲಸ ಮಾಡ್ತೀನಿ ಅನ್ಕೊಂಡಿದ್ದೆ, ಆದ್ರೆ ಓಡಿದ್ದು ಕಮ್ಮಿ ನಿಂತಿದ್ದೇ ಜಾಸ್ತಿ, ಹಂಗೆ ಸುಮ್ನೆ ನಿಂತಿರೋ ಮಷೀನ್ ನೋಡಿದಾಗೆಲ್ಲಾ ಹೊಟ್ಟೆ ಉರಿಯುತ್ತೆ, ಕೆಲಸ ಗೊತ್ತಿರೋರ ಕೈಗೆ ಹೋಗ್ಲಿ.

ಸೆಕೆಂಡ್ ಹ್ಯಾಂಡ್ ಮಾರೋರೆಲ್ಲಾ "ಜಾಸ್ತಿ ಬಳಸಿಲ್ಲ" ಅಂತಾನೇ ಹೇಳೋದು, ಅದಕ್ಕೆ ಬರೀ ಮಾತು ಕೇಳಬೇಡಿ, ಬೆಡ್ ನೋಡಿ, ಅಂದ್ರೆ ಕೆಳಗಿರೋ ಉದ್ದನೆ ಹಳಿ. ಲೇತಲ್ಲಿ ಮುಕ್ಕಾಲು ಕೆಲಸ ರಾಡ್ ಕಚ್ಚಿ ಹಿಡಿಯೋ ಚಕ್ ಪಕ್ಕದಲ್ಲೇ ಆಗೋದು, ಸವೆಯೋದೂ ಅಲ್ಲೇ ಮೊದಲು. ಕ್ಯಾರೇಜನ್ನ (ಬೆಡ್ ಮೇಲೆ ಟೂಲ್ ಹೊತ್ಕೊಂಡು ಓಡಾಡೋ ಭಾಗ) ಚಕ್ ಹತ್ರ ತಂದು ಅಲ್ಲಾಡದ ಹಾಗೆ ಗಿಬ್ (ಸಡಿಲ ತೆಗೆಯೋ ಪಟ್ಟಿ) ಟೈಟ್ ಮಾಡಿ, ಆಮೇಲೆ ಹ್ಯಾಂಡ್ ವೀಲ್ ತಿರುಗಿಸ್ಕೊಂಡು ಚಕ್ ಎದುರು ತುದೀಲಿರೋ ಟೇಲ್ ಸ್ಟಾಕ್ ಕಡೆ ಹೋಗಿ, ಆ ಕಡೆ ಹೋಗ್ತಾ ಹೋಗ್ತಾ ಹಿಡ್ಕೊಂಡ್ರೆ ಚಕ್ ಹತ್ರ ಬೆಡ್ ಸವೆದಿದೆ ಅಂತ ಅರ್ಥ. ನಂದರಲ್ಲಿ ಎರಡೂ ಕಡೆ ಒಂದೇ ಥರ ಓಡುತ್ತೆ. ಬಣ್ಣ ಹೊಡೆಸಿಲ್ಲ, ಹೊಸ ಬಣ್ಣ ಬಳಿದಿರೋ ಹಳೇ ಮಷೀನ್ ಕಂಡ್ರೆ ನನಗೇ ಅನುಮಾನ ಬರುತ್ತೆ.

ಡಯಲ್ (ಸಣ್ಣ ಅಲ್ಲಾಟಾನೂ ತೋರ್ಸೋ ಗೇಜ್) ತರ್ತೀರಾ, ತನ್ನಿ, ಆದ್ರೆ ಚಕ್ಕಲ್ಲಿ ರಾಡ್ ಕಚ್ಚಿಸಿ ಅದರ ಮೇಲೆ ಡಯಲ್ ಇಟ್ಟು ಚಕ್ ತಿರುಗಿಸೋ ಸ್ಪಿಂಡಲ್ ಹೋಗಿದೆ ಅನ್ಬೇಡಿ, ಮೂರು ಜಾ (ಕಚ್ಚೋ ಹಲ್ಲು) ಚಕ್ಕು 0.05 ಮಿ.ಮೀ. ಆಚೆ ಈಚೆ ತೋರ್ಸೋದು ಮಾಮೂಲಿ. ಸ್ಪಿಂಡಲ್ ಒಳಗಿನ ಟೇಪರ್‌ಗೆ (ಒಳಗೆ ಹೋಗ್ತಾ ಕಿರಿದಾಗೋ ತೂತು) ಡಯಲ್ ಇಟ್ಟು ನೋಡಿ. ಅದಕ್ಕಿಂತ ಒಳ್ಳೇದು ಒಂದು ಕಟ್ ಹಾಕಿ ನೋಡೋದು: 25 ಮಿ.ಮೀ. ರಾಡ್ ಕಚ್ಚಿಸಿ 100 ಮಿ.ಮೀ. ಹೊರಗೆ ಬಿಟ್ಟು, ಟೇಲ್ ಸ್ಟಾಕ್ ಆಸರೆ ಕೊಡದೆ ಸಣ್ಣ ಕಟ್ ತಗೊಂಡು ಎರಡೂ ತುದಿ ಮೈಕ್ರೋಮೀಟರಲ್ಲಿ ಅಳೀರಿ. ವ್ಯತ್ಯಾಸ ಬಂದ ತಕ್ಷಣ ಸವೆದಿದೆ ಅಂತಾನೂ ಅಲ್ಲ, ನೆಲ ಸಮ ಇಲ್ದೆ ಬೆಡ್ ಸ್ವಲ್ಪ ತಿರುಚಿಕೊಂಡಿದ್ರೂ ರಾಡ್ ಒಂದು ತುದಿ ದಪ್ಪ ಒಂದು ತುದಿ ಸಣ್ಣ ಬರುತ್ತೆ, ಅದಕ್ಕೇ ನಿಮ್ಮ ಜಾಗಕ್ಕೆ ಹೋದ್ಮೇಲೆ ಮತ್ತೆ ಲೆವೆಲ್ ಮಾಡ್ಲೇಬೇಕು.

ತಪ್ಪೂ ಹೇಳ್ಬಿಡ್ತೀನಿ. ಟೇಲ್ ಸ್ಟಾಕ್ ತುದೀಲಿ ಬೆಡ್ ಮೇಲೆ ಅಂಗೈ ಅಗಲ ತುಕ್ಕಿನ ಕಲೆ ಇದೆ. ಎಣ್ಣೆ ಹಚ್ಚದೆ ಪ್ಲಾಸ್ಟಿಕ್ ಹೊದಿಸಿ ಬಿಟ್ಟಿದ್ದೆ, ಒಳಗೆ ತೇವ ಕೂತ್ಬಿಟ್ಟಿತ್ತು, ತೆಗೆದು ನೋಡಿದಾಗ ಎದೆ ಧಸಕ್ ಅಂತು. ಉಜ್ಜಿದೀನಿ, ಉಗುರಿಗೆ ತಗಲಲ್ಲ, ಕಣ್ಣಿಗೆ ಕಾಣುತ್ತೆ. ಟೂಲನ್ನ ಅಡ್ಡಕ್ಕೆ ಸರಿಸೋ ಕ್ರಾಸ್ ಸ್ಲೈಡಲ್ಲಿ 0.1 ಮಿ.ಮೀ.ನಷ್ಟು ಪ್ಲೇ (ಸಡಿಲ) ಇದೆ, ಯಾವಾಗ್ಲೂ ಒಂದೇ ಕಡೆಯಿಂದ ತಿರುಗಿಸ್ಕೊಂಡು ಬಂದು ಅಳತೆಗೆ ನಿಲ್ಲಿಸಿದ್ರೆ ಕೆಲಸಕ್ಕೆ ಅಡ್ಡಿ ಇಲ್ಲ.

ಎತ್ತೋವಾಗ ಮಾತ್ರ ದಯವಿಟ್ಟು ಅವಸರ ಬೇಡ. ಹೆಡ್ ಸ್ಟಾಕ್ (ಚಕ್ ಇರೋ ತುದಿ) ಕಡೆ ಭಾರ, ಮೇಲ್ಗಡೇನೂ ಭಾರ, ಸ್ವಲ್ಪ ವಾಲಿದ್ರೂ ಮಗುಚುತ್ತೆ. ಕ್ಯಾರೇಜನ್ನ ಟೇಲ್ ಸ್ಟಾಕ್ ಕಡೆ ತಳ್ಳಿ ಲಾಕ್ ಮಾಡಿ ಎತ್ತೋ ಬೆಲ್ಟನ್ನ ಬೆಡ್‌ಗೇ ಹಾಕಿ, ಬೆಡ್ ಉದ್ದಕ್ಕೂ ಇರೋ ಲೀಡ್ ಸ್ಕ್ರೂ ಮೇಲೆ ಬಿಗಿದ್ರೆ ಬಗ್ಗೋಗುತ್ತೆ.

ನಾಲ್ಕು ಜಾ ಚಕ್ಕು, ಸ್ಟೆಡಿ ರೆಸ್ಟ್ (ಉದ್ದ ರಾಡಿಗೆ ಆಸರೆ), ಚೇಂಜ್ ಗೇರ್ (ಥ್ರೆಡ್ ಅಳತೆ ಬದಲಿಸೋ ಗೇರ್) ಎಲ್ಲಾ ಪೆಟ್ಟಿಗೇಲಿ ಇವೆ. ಗೇರ್ ನನ್ನ ಮುಂದೇನೇ ಎಣಿಸ್ಕೊಂಡು ಹೋಗಿ, ಒಂದು ಕಮ್ಮಿ ಆದ್ರೂ ಕೆಲವು ಥ್ರೆಡ್ ಹೊಡೆಯೋಕೇ ಆಗಲ್ಲ.