ಹಾಸನದಲ್ಲಿದ್ದು ಕಲಾ ಇತಿಹಾಸ ಓದುವವರಿಗೆ ಅವಕಾಶಗಳೇನಿವೆ?

ಚಿತ್ರಕಲಾ ಕಾಲೇಜಿನ ವಿದ್ಯಾರ್ಥಿಗಳೂ, ಬಿ.ಎ.ಯಲ್ಲಿ ಇತಿಹಾಸ ಆರಿಸಿಕೊಂಡವರೂ, ಕೆಲವೊಮ್ಮೆ ಅವರ ತಂದೆತಾಯಿಯರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಪ್ರದರ್ಶನ, ಉಪನ್ಯಾಸ, ಕಮ್ಮಟಗಳೆಲ್ಲ ಬೆಂಗಳೂರಿನಲ್ಲೇ ನಡೆಯುತ್ತಿರುವಾಗ ಹಾಸನ ಚಿಕ್ಕಮಗಳೂರುಗಳ ವಿದ್ಯಾರ್ಥಿಗೆ ಕಲಾ ಇತಿಹಾಸದಲ್ಲಿ ಯಾವ ಅವಕಾಶವಿದೆ? ಪ್ರಶ್ನೆಯೊಳಗಿನ ದೂರು ನ್ಯಾಯವಾದದ್ದೇ. ಆದರೂ ನನ್ನ ಉತ್ತರ ಬೆಂಗಳೂರಿನ ಬಸ್ಸಿನಿಂದ ಆರಂಭವಾಗುವುದಿಲ್ಲ. ಓದುತ್ತಿರುವ ಅವಧಿಯಲ್ಲಿ ಇಲ್ಲಿಯ ಒಂದು ಸಣ್ಣ ದೇವಾಲಯವನ್ನು ಸಂಪೂರ್ಣವಾಗಿ ದಾಖಲಿಸಿ ಬರೆದಿಟ್ಟುಕೊಂಡ ವಿದ್ಯಾರ್ಥಿಗೆ ಉಳಿದ ಅವಕಾಶಗಳನ್ನು ಕೇಳುವ ಅರ್ಹತೆ ತಾನಾಗಿ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಎಲ್ಲರ ಕಣ್ಣೂ ಅವುಗಳ ಮೇಲೆಯೇ ಇದೆ. ಅವುಗಳ ಬಗ್ಗೆ ಬರೆದವರೂ ಬಹಳ ಮಂದಿ. ವಿದ್ಯಾರ್ಥಿಯಾದವರು ನಮ್ಮ ಎರಡು ಜಿಲ್ಲೆಗಳಲ್ಲೇ ಹೊಯ್ಸಳ ಗುಡಿಗಳಿರುವ ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲ, ಹಾರನಹಳ್ಳಿ, ನುಗ್ಗೇಹಳ್ಳಿ, ಬೆಳವಾಡಿ, ಅಮೃತಾಪುರಗಳಲ್ಲಿ ಯಾವುದಾದರೂ ಒಂದನ್ನು ಹಿಡಿಯುವುದು ಲೇಸು. ಪದವಿ ವಿದ್ಯಾರ್ಥಿಯೂ ಕೈಹಾಕಬಹುದಾದ ನಿಜವಾದ ಸಂಶೋಧನಾ ಪ್ರಶ್ನೆಗಳು ಅಲ್ಲಿವೆ. ಉದಾಹರಣೆಗೆ, ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ತರೀಕೆರೆ ತಾಲ್ಲೂಕಿನ ಅಮೃತಾಪುರದ 1196ರ ಅಮೃತೇಶ್ವರ ದೇವಾಲಯದಲ್ಲಿದೆ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿದೆ, 1258ರ ಸೋಮನಾಥಪುರದಲ್ಲಿಯೂ ಇದೆ. ಅರವತ್ತು ವರ್ಷಗಳ ಅಂತರದಲ್ಲಿ ಕೆತ್ತಿದವನು ಒಬ್ಬನೇ ಮಲ್ಲಿತಮ್ಮನೇ, ಅಥವಾ ಒಂದೇ ಹೆಸರಿನ ಇಬ್ಬರೇ? ನುಗ್ಗೇಹಳ್ಳಿಯಲ್ಲಿ ಬೈಚೋಜನೆಂಬ ಇನ್ನೊಬ್ಬ ಶಿಲ್ಪಿಯೂ ಅವನೊಡನೆ ಕೆಲಸ ಮಾಡಿರುವುದರಿಂದ, ಒಂದೇ ಕಟ್ಟಡದ ಗೋಡೆಗಳ ಮೇಲೆ ಇಬ್ಬರ ಕೈಗಳು ಹೇಗೆ ಬೇರೆಯಾಗುತ್ತವೆ ಎಂಬುದನ್ನು ಹೋಲಿಸಿ ನೋಡಬಹುದು. ಕಿರೀಟದ ಆಕಾರ, ಆಭರಣದ ಆಳ, ಮೈಯ ಬಳುಕು, ಪೀಠದ ಬಳ್ಳಿಯ ಸುರುಳಿ ಇವುಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡು ಹೋಗುವುದೇ ಕಲಾ ಇತಿಹಾಸದ ಮೊದಲ ಪಾಠ. ಅದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ತರಗತಿ ಬೇರೆ ಊರಿನಲ್ಲಿ ಸಿಗುವುದು ಕಷ್ಟ.

ಕೆಲಸಕ್ಕೆ ಬೇಕಾದ ಸಲಕರಣೆ ಹೆಚ್ಚೇನಿಲ್ಲ: ಅಳತೆಯ ಟೇಪು, ಚೌಕದ ಹಾಳೆ, ಮೊಬೈಲಿನ ಕ್ಯಾಮೆರಾ. ಮೊದಲು ತಲವಿನ್ಯಾಸ, ಅಂದರೆ ಕಟ್ಟಡದ ನೆಲದ ನಕ್ಷೆ, ಬರೆದುಕೊಂಡು, ಗರ್ಭಗೃಹ, ಅದರ ಮುಂದಿನ ಸಣ್ಣ ಕೋಣೆಯಾದ ಸುಕನಾಸಿ, ಕಂಬಗಳ ಮಂಟಪವಾದ ನವರಂಗಗಳನ್ನು ಗುರುತಿಸಿ, ಹೊರಗೋಡೆಯ ಪ್ರತಿಯೊಂದು ಶಿಲ್ಪಕ್ಕೂ ಸಂಖ್ಯೆ ಕೊಟ್ಟು ಪ್ರದಕ್ಷಿಣೆಯ ಕ್ರಮದಲ್ಲಿ ಚಿತ್ರ ತೆಗೆಯಬೇಕು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕಾಗುವುದರಿಂದ, ಕಾಲೇಜಿನ ಪ್ರಾಂಶುಪಾಲರ ಪತ್ರದೊಂದಿಗೆ ಮುಂಚೆಯೇ ಅರ್ಜಿ ಕೊಡುವುದು ಒಳ್ಳೆಯದು. ಪೂಜೆ ನಡೆಯುವ ಗುಡಿಯಾದರೆ ಅರ್ಚಕರ ಮಾತೇ ಕೊನೆಯ ಮಾತು. ಶಾಸನಗಳಿಗೆ ಬಿ.ಎಲ್. ರೈಸ್ ಅವರು ಸಂಪಾದಿಸಿದ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ ಹಾಸನ ಜಿಲ್ಲೆಯದು, ಆರನೆಯದು ಕಡೂರು ಜಿಲ್ಲೆಯದು. ಚಿಕ್ಕಮಗಳೂರು ಜಿಲ್ಲೆಗೆ ಆಗ ಆ ಹೆಸರಿತ್ತು ಎಂಬುದನ್ನು ಅರಿಯದೆ ಸಂಪುಟವೇ ಇಲ್ಲವೆಂದುಕೊಳ್ಳುವವರಿದ್ದಾರೆ.

ಇದು ಬರಿಯ ಅಭ್ಯಾಸವಲ್ಲ. 1113ರ ಸುಮಾರಿನಲ್ಲಿ ಕಟ್ಟಿದ, ನಾಲ್ಕು ಗರ್ಭಗೃಹಗಳಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದಲ್ಲಿ ಕಾಳಿಯ ವಿಗ್ರಹ ಒಡೆದುಹೋಗಿರುವುದು 2020ರ ನವೆಂಬರಿನಲ್ಲಿ ಕಂಡುಬಂತು. ಇಂತಹ ಸಂದರ್ಭದಲ್ಲಿ ಮೂಲ ರೂಪ ಹೇಗಿತ್ತೆಂದು ತಿಳಿಯಲು ಹಳೆಯ ಛಾಯಾಚಿತ್ರ, ಅಳತೆ, ವಿವರಣೆಗಳನ್ನು ಬಿಟ್ಟು ಬೇರೆ ಗತಿಯಿರುವುದಿಲ್ಲ. ಕೇಂದ್ರ ರಕ್ಷಣೆಯಲ್ಲಿರುವ ಗುಡಿಗೇ ಹೀಗಾಗಬಹುದಾದರೆ, ಯಾರ ಪಟ್ಟಿಯಲ್ಲೂ ಇಲ್ಲದ ಹೊಲದ ಬದಿಯ ವೀರಗಲ್ಲು, ಮಾಸ್ತಿಕಲ್ಲುಗಳ ಪಾಡನ್ನು ಹೇಳಬೇಕಾಗಿಲ್ಲ. ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ ಆ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿ ಡಿಜಿಟಲ್ ರೂಪದಲ್ಲಿ ಉಳಿಸುತ್ತಿದೆ. ನಮ್ಮ ಎರಡು ಜಿಲ್ಲೆಗಳ ಕಾಲೇಜುಗಳು ಕೈಜೋಡಿಸಿದರೆ ಇಲ್ಲಿಯೂ ಅದು ಅಸಾಧ್ಯವಲ್ಲ.

ಇನ್ನು ಕಾರ್ಯಕ್ರಮಗಳ ಮಾತು. ಏಪ್ರಿಲ್ 18ರ ವಿಶ್ವ ಪರಂಪರೆಯ ದಿನ, ಮೇ 18ರ ವಸ್ತುಸಂಗ್ರಹಾಲಯ ದಿನ, ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆಯ ಸಪ್ತಾಹ, ಇವು ಮೂರನ್ನೂ ಗುರುತು ಹಾಕಿಕೊಂಡಿರಬೇಕು. ಸ್ಮಾರಕಗಳಲ್ಲಿ, ಮ್ಯೂಸಿಯಂಗಳಲ್ಲಿ ವಿದ್ಯಾರ್ಥಿಗಳಿಗಾಗಿ ಏನಾದರೂ ನಡೆಯುವುದು ಹೆಚ್ಚಾಗಿ ಆಗಲೇ. ಬೆಂಗಳೂರಿಗೆ ಹೋಗುವುದಾದರೆ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಮತ್ತು 2023ರಲ್ಲಿ ಬಾಗಿಲು ತೆರೆದ, ಕಲೆ ಮತ್ತು ಛಾಯಾಚಿತ್ರಗಳ ಮ್ಯಾಪ್ ವಸ್ತುಸಂಗ್ರಹಾಲಯಗಳನ್ನು ಒಂದೇ ದಿನದಲ್ಲಿ ನೋಡಿ ಬರಬಹುದು. ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆ ಮುಖ್ಯವಾಗಿ ಮಾರಾಟದ ಸಂತೆ. ಆದರೆ ಯಾವ ಬಗೆಯ ಚಿತ್ರವನ್ನು ಯಾರು ಕೊಳ್ಳುತ್ತಾರೆ ಎಂಬುದೂ ಕಲಾ ಇತಿಹಾಸದ ವಿಷಯವೇ ಆದ್ದರಿಂದ ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಪ್ರಮಾಣಪತ್ರಕ್ಕಾಗಿಯೇ ವಿಚಾರ ಸಂಕಿರಣಗಳಿಗೆ ಅಲೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಕಡತ ದಪ್ಪವಾಗುತ್ತದೆ, ಅಷ್ಟೆ. ಅದೇ ಸಮಯವನ್ನು ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾಕ್ಕೆ ಕೊಟ್ಟರೆ ಹಳಗನ್ನಡದ ಲಿಪಿಯನ್ನು ಕಲ್ಲಿನ ಮೇಲೆಯೇ ಓದುವ ಶಕ್ತಿ ಬರುತ್ತದೆ.

ಮುಂದಿನ ಓದಿಗೆ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಶಾಂತಿನಿಕೇತನದ ಕಲಾಭವನ, ಬೆಂಗಳೂರಿನ ಚಿತ್ರಕಲಾ ಪರಿಷತ್ತುಗಳಲ್ಲಿ ಕಲಾ ಇತಿಹಾಸವನ್ನೇ ಮುಖ್ಯ ವಿಷಯವಾಗಿ ಓದಬಹುದು. ನೊಯಿಡಾದ ಭಾರತೀಯ ಪರಂಪರಾ ಸಂಸ್ಥೆಯಲ್ಲಿ ಅದರ ಜೊತೆಗೆ ಸಂರಕ್ಷಣೆ ಮತ್ತು ವಸ್ತುಸಂಗ್ರಹಾಲಯ ಶಾಸ್ತ್ರಗಳಿಗೂ ಪ್ರತ್ಯೇಕ ಎಂ.ಎ. ಇದೆ. ಪುರಾತತ್ವದ ಕಡೆಗೆ ಒಲವಿದ್ದವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಸಂದರ್ಶನದಲ್ಲಿ ನೀವೇ ಬರೆದ ತಲವಿನ್ಯಾಸವನ್ನೂ ಸಂಖ್ಯೆ ಹಾಕಿದ ಚಿತ್ರಗಳನ್ನೂ ಮುಂದಿಟ್ಟರೆ ಮಾತು ಅಂಕಪಟ್ಟಿಯನ್ನು ಬಿಟ್ಟು ಅವುಗಳ ಸುತ್ತಲೇ ನಡೆಯುವ ಸಾಧ್ಯತೆ ಹೆಚ್ಚು.

ಉದ್ಯೋಗದ ಬಗ್ಗೆ ತಂದೆತಾಯಿಯರು ಕೇಳುವುದಕ್ಕೆ ಒಂದು ಮಾತು: ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಯಾದ ಯು.ಜಿ.ಸಿ. ನೆಟ್‌ನಲ್ಲಿ ಕಲಾ ಇತಿಹಾಸ ದೃಶ್ಯಕಲೆಯ ವಿಷಯದೊಳಗೆ ಬರುತ್ತದೆ. ಪುರಾತತ್ವವೂ, ವಸ್ತುಸಂಗ್ರಹಾಲಯ ಶಾಸ್ತ್ರ ಹಾಗೂ ಸಂರಕ್ಷಣೆಯೂ ಬೇರೆ ಬೇರೆ ವಿಷಯಗಳು. ಹೀಗಾಗಿ ಅಧ್ಯಾಪಕ ವೃತ್ತಿಗೆ ಹೋಗಬೇಕೆನ್ನುವವರು ಇವುಗಳಲ್ಲಿ ಯಾವುದರಲ್ಲಿ ಪರೀಕ್ಷೆ ಬರೆಯುವುದೆಂದು ಎಂ.ಎ. ಅರ್ಜಿ ತುಂಬುವ ಮುನ್ನವೇ ತೀರ್ಮಾನಿಸಿಕೊಳ್ಳಬೇಕು.