ಕಲಬುರಗಿಯ ಬಿಸಿಲಿಗೆ ಹೊಂದುವ ಸಾಬೂನಿನ ಅಚ್ಚು: ಮಾರ್ಚ್‌ನಿಂದ ಜುಲೈವರೆಗಿನ ಟಿಪ್ಪಣಿಗಳು

ಮಾರ್ಚ್

ಸಿಲಿಕೋನ್‌ನ ಬಿಡಿ ಗುಳಿಗಳ ಅಚ್ಚನ್ನು ಬದಿಗಿಟ್ಟು, ಉದ್ದನೆಯ ಕಟ್ಟಿಗೆಯ ಅಚ್ಚನ್ನು ಬಳಸಲು ಈ ತಿಂಗಳು ಆರಂಭಿಸಿದ್ದೇನೆ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಕೂಡಿದಾಗ ಹುಟ್ಟುವ ಬಿಸಿ ಸಣ್ಣ ಗುಳಿಗಳಲ್ಲಿ ಬೇಗನೆ ಆರಿಹೋಗುತ್ತದೆ. ಆ ಬಿಸಿ ಕೆಲವು ಗಂಟೆಗಳ ಕಾಲ ಒಳಗೇ ನಿಂತರೆ ಸಾಬೂನು ಜೆಲ್ ಹಂತವನ್ನು, ಅಂದರೆ ಬಿಸಿಗೆ ಲೋಳೆಯಂತೆ ಅರೆಪಾರದರ್ಶಕವಾಗುವ ಹಂತವನ್ನು, ದಾಟುತ್ತದೆ, ಬಣ್ಣ ಗಾಢವಾಗುತ್ತದೆ, ಬೇಗ ಗಟ್ಟಿಯಾಗುತ್ತದೆ. ಜೆಲ್ ಆಗದ ಸಾಬೂನೂ ಬಳಕೆಗೆ ಯೋಗ್ಯವೇ, ಆದರೆ ಅಚ್ಚಿನಿಂದ ಬಿಡಿಸಲು ಹೆಚ್ಚು ಕಾಯಬೇಕು. ಜೊತೆಗೆ ಇನ್ನೂ ಎಣ್ಣೆಯೊಡನೆ ಬೆರೆಯದ ಸೋಡಾ ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ, ಮೇಲ್ಮೈಯಲ್ಲಿ ಬಿಳಿ ಪುಡಿಯಾಗಿ ಕಾಣಿಸಿಕೊಳ್ಳುವುದು ಹೆಚ್ಚು. ಆದ್ದರಿಂದ ಅಚ್ಚನ್ನು ಆರಿಸುವಾಗ ಆಕಾರಕ್ಕಿಂತ ಮೊದಲು ಅದು ಶಾಖವನ್ನು ಎಷ್ಟು ಹಿಡಿದಿಡುತ್ತದೆ ಎಂಬುದನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬಡಿಗರು ಮಾಡಿಕೊಟ್ಟ ಅಚ್ಚಿನ ಒಳ ಅಳತೆ 20 ಸೆಂ.ಮೀ. ಉದ್ದ, 8 ಅಗಲ, 6 ಎತ್ತರ. ಪಕ್ಕದ ಹಲಗೆಗಳನ್ನು ಮೊಳೆ ಹೊಡೆಯದೆ ಸ್ಕ್ರೂಗಳಿಂದ ಸೇರಿಸಲಾಗಿದೆ. ಬಿಚ್ಚಿ ತೆಗೆದರೆ ಸಾಬೂನಿನ ಅಂಚು ಮುರಿಯುವುದಿಲ್ಲ. ಒಟ್ಟು ಗಾತ್ರ 960 ಘನ ಸೆಂಟಿಮೀಟರ್. ಒಂದು ಘನ ಸೆಂಟಿಮೀಟರಿಗೆ ಸುಮಾರು 0.7 ಗ್ರಾಂ ಎಣ್ಣೆ ಎಂಬ ಲೆಕ್ಕದಲ್ಲಿ 670 ಗ್ರಾಂ ಹಿಡಿಯುತ್ತದೆ. ಮೇಲೆ ಸ್ವಲ್ಪ ಜಾಗ ಉಳಿಯಲೆಂದು ನಾನು 650 ಗ್ರಾಂ ತೆಗೆದುಕೊಳ್ಳುತ್ತೇನೆ: ಕೊಬ್ಬರಿ ಎಣ್ಣೆ 260, ಶೇಂಗಾ ಎಣ್ಣೆ 195, ಕುಸುಬಿ ಎಣ್ಣೆ 130, ಹರಳೆಣ್ಣೆ 65. ಶೇಕಡಾ 5ರಷ್ಟು ಎಣ್ಣೆ ಸಾಬೂನಾಗದೆ ಉಳಿಯುವಂತೆ ಲೆಕ್ಕ ಹಾಕಿದರೆ ಇದಕ್ಕೆ 95 ಗ್ರಾಂ ಕಾಸ್ಟಿಕ್ ಸೋಡಾ ಮತ್ತು 190 ಗ್ರಾಂ ನೀರು ಬೇಕು. ಕುಸುಬಿ ನಮ್ಮ ಭಾಗದ ಬೆಳೆಯಾದ್ದರಿಂದ ಅದನ್ನು ಬಿಡಲು ಮನಸ್ಸಿಲ್ಲ. ಆದರೆ ಅದು ಹೆಚ್ಚಾದರೆ ಸಾಬೂನು ಮೆತ್ತಗಾಗಿ, ಬಿಸಿಲುಕಾಲದಲ್ಲಿ ಬೇಗನೆ ಕಮಟು ವಾಸನೆ ಹಿಡಿಯುತ್ತದೆ. ಐದನೇ ಒಂದು ಭಾಗವೇ ಸಾಕು.

ಕಟ್ಟಿಗೆಗೆ ಒಳಗಿನಿಂದ ಬಟರ್ ಪೇಪರ್ ಹಾಸಲೇಬೇಕು. ಒಂದೇ ಹಾಳೆಯನ್ನು ಮೂಲೆಗಳಲ್ಲಿ ಮಡಚಿ ಕೂರಿಸುವುದಕ್ಕಿಂತ, ಅಚ್ಚಿನ ಅಗಲಕ್ಕೆ ಒಂದು ಪಟ್ಟಿ, ಉದ್ದಕ್ಕೆ ಇನ್ನೊಂದು ಪಟ್ಟಿ ಕತ್ತರಿಸಿ ಅಡ್ಡಡ್ಡವಾಗಿ ಇಡುವುದು ಉತ್ತಮ. ಮಡಿಕೆಯ ಗೆರೆಗಳು ಸಾಬೂನಿನ ಮೈಮೇಲೆ ಮೂಡುವುದಿಲ್ಲ, ಹೊರಗೆ ಚಾಚಿದ ತುದಿಗಳನ್ನು ಹಿಡಿದು ಇಡೀ ಗಟ್ಟಿಯನ್ನು ಮೇಲೆತ್ತಲೂ ಬರುತ್ತದೆ.

ಇಲ್ಲಿಯ ಮನೆಗಳಲ್ಲಿ ಜರ್ಮನ್ ಪಾತ್ರೆ ಎನ್ನುವ ಅಲ್ಯೂಮಿನಿಯಂ ಡಬ್ಬಿಗಳನ್ನು ಅಚ್ಚಾಗಿ ಎಂದಿಗೂ ಬಳಸಬಾರದು. ಕಾಸ್ಟಿಕ್ ಸೋಡಾ ಆ ಲೋಹವನ್ನು ತಿಂದು ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಸ್ಟೀಲ್ ಡಬ್ಬಿಗೆ ಆ ಅಪಾಯವಿಲ್ಲ, ಆದರೆ ಪೇಪರ್ ಹಾಸದಿದ್ದರೆ ಸಾಬೂನು ಬಿಡುವುದೇ ಇಲ್ಲ.

ಮೇ

ಹಗಲಿನ ಉಷ್ಣತೆ 40 ಡಿಗ್ರಿ ದಾಟಿದ ಮೇಲೆ ಕಟ್ಟಿಗೆಯ ಗುಣವೇ ಸಮಸ್ಯೆಯಾಗುತ್ತದೆ. ನಡುವಿನ ಶಾಖ ಹೊರಹೋಗಲಾಗದೆ ಮಿಶ್ರಣ ಉಬ್ಬಿ, ಮೇಲೆ ಉದ್ದಕ್ಕೂ ಬಿರುಕು ಬಿಡುತ್ತದೆ. ಪುಸ್ತಕಗಳು ಹೇಳುವಂತೆ ಅಚ್ಚಿಗೆ ಟವೆಲ್ ಸುತ್ತುವುದು ತಂಪು ಊರುಗಳ ಪದ್ಧತಿ. ಕಲಬುರಗಿಯ ಬೇಸಿಗೆಗೆ ಅದು ಸಲ್ಲದು. ಈಗ ನಾನು ನಸುಕಿನಲ್ಲೇ ಸುರಿಯುತ್ತೇನೆ, ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಪೂರ್ತಿ ತಣಿಸಿಕೊಳ್ಳುತ್ತೇನೆ. ಶಾಖವನ್ನು ಹೆಚ್ಚಿಸುವ ಹಾಲು, ಜೇನು, ಸಕ್ಕರೆಯನ್ನು ಈ ಕಾಲದಲ್ಲಿ ಸೇರಿಸುವುದಿಲ್ಲ.

ಅಚ್ಚನ್ನು ನೇರವಾಗಿ ಶಹಾಬಾದ್ ಪರಸಿಯ ನೆಲದ ಮೇಲಿಟ್ಟರೆ ತಳ ಮಾತ್ರ ತಂಪಾಗಿ, ಕತ್ತರಿಸಿದ ಬಿಲ್ಲೆಯ ನಡುವೆ ಗಾಢ ಬಣ್ಣದ ವೃತ್ತವೊಂದು ಕಾಣುತ್ತದೆ. ನಡುಭಾಗ ಜೆಲ್ ಆಗಿ, ಅಂಚು ಆಗದೆ ಉಳಿದಿರುವ ಗುರುತು ಅದು. ತಳಕ್ಕೆ ಎರಡು ರೀಪುಗಳನ್ನು ಕೊಟ್ಟು ಎತ್ತರಿಸಿದರೆ ಗಾಳಿ ಸುತ್ತಲೂ ಆಡಿ, ಬಣ್ಣ ಒಂದೇ ಸಮನಾಗುತ್ತದೆ. ಇನ್ನೊಂದು ಮಾತು: ಪರಸಿ ಸುಣ್ಣದ ಕಲ್ಲು. ಚೆಲ್ಲಿದ ಸೋಡಾವನ್ನು ವಿನೆಗರ್‌ನಿಂದ ಒರೆಸಿದರೆ ಕಲ್ಲಿನ ಹೊಳಪು ಹೋಗುತ್ತದೆ. ಕೈಗವಸು ಹಾಕಿಕೊಂಡು ಬಟ್ಟೆಯಿಂದ ಹೀರಿಸಿ, ಧಾರಾಳ ನೀರಿನಿಂದ ತೊಳೆಯುವುದೇ ಸರಿ.

ಜೂನ್

ದುಂಡನೆಯ ಬಿಲ್ಲೆಗಾಗಿ 75 ಮಿ.ಮೀ. ಪಿವಿಸಿ ಕೊಳವೆಯ ತುಂಡನ್ನು ಬಳಸಿದೆ. ಒಳಗೆ ಬಟರ್ ಪೇಪರ್ ಸುರುಳಿ ಹಾಕಿ, ತಳವನ್ನು ಮುಚ್ಚಳದಿಂದ ಬಿಗಿಮಾಡಿದರೆ ಸೋರುವುದಿಲ್ಲ. ಹೊರತೆಗೆಯುವ ಮುಂಚೆ ಕೆಲವು ಗಂಟೆ ಫ್ರೀಜರಿನಲ್ಲಿಟ್ಟರೆ ಸಾಬೂನು ಕುಗ್ಗಿ ಸುಲಭವಾಗಿ ಜಾರುತ್ತದೆ. ಬಿಲ್ಲೆ ಚೆಂದ, ಆದರೆ ಶ್ರಮ ಹೆಚ್ಚು. ಉಡುಗೊರೆಗೆ ಮಾತ್ರ ಇದನ್ನು ಉಳಿಸಿಕೊಳ್ಳುತ್ತೇನೆ.

ಜುಲೈ

ಕಟ್ಟಿಗೆ ಅಚ್ಚಿನ ಗಟ್ಟಿಯನ್ನು 2.5 ಸೆಂ.ಮೀ. ದಪ್ಪಕ್ಕೆ ಕತ್ತರಿಸಿದರೆ ಎಂಟು ಬಿಲ್ಲೆಗಳಾಗುತ್ತವೆ. ನಾಲ್ಕರಿಂದ ಆರು ವಾರ ಒಣಗಬೇಕಾದ ಇವು ಮಳೆಗಾಲದ ತೇವದಲ್ಲಿ ನಿಧಾನವಾಗಿ ತೂಕ ಇಳಿಸುತ್ತಿವೆ. ಆದ್ದರಿಂದ ವಾರಗಳನ್ನು ಎಣಿಸದೆ, ತೂಕ ಇಳಿಯುವುದು ನಿಂತಿದೆಯೇ ಎಂದು ತಕ್ಕಡಿಯಲ್ಲಿ ನೋಡುತ್ತಿದ್ದೇನೆ.

ಮುಂದಿನ ಬೇಸಿಗೆಗೆ ಅಗಲವನ್ನು 6.5 ಸೆಂ.ಮೀ.ಗೆ ಇಳಿಸಿದ ಅಚ್ಚು ಬೇಕು; ಗಟ್ಟಿ ಕಿರಿದಾದಷ್ಟು ನಡುವಿನ ಶಾಖ ಬೇಗ ಹೊರಬರುತ್ತದೆ. ಗಾತ್ರ 780 ಘನ ಸೆಂಟಿಮೀಟರ್, ಎಣ್ಣೆ ಸುಮಾರು 545 ಗ್ರಾಂ. ಹಲಗೆಗಳನ್ನು ಬಡಿಗರಿಗೆ ಕೊಟ್ಟಿದ್ದೇನೆ.