ಹದಿನೆಂಟೂವರೆ ಅಡಿ ಬಿದಿರು, ಒಂದು ಹಳೇ ಊರಿನ ನಕ್ಷೆ: ಇಲ್ಲಿವರೆಗೆ ಆಗಿದ್ದು

ನಗರ ಅಂದರೆ ಇಲ್ಲಿ ದೊಡ್ಡ ಪಟ್ಟಣ ಅಲ್ಲ. ಹೊಸನಗರ ತಾಲ್ಲೂಕಿನ ನಗರ, ಹಳೆಯ ಬಿದನೂರು. ಒಂದು ಕಾಲದಲ್ಲಿ ಕೆಳದಿ ಅರಸರ ರಾಜಧಾನಿ. ಈಗ ಹೋಬಳಿ ಊರು. ಒಂದು ಕೋಟೆ, ಒಂದು ಪೇಟೆಬೀದಿ, ಕೊಲ್ಲೂರು ಕಡೆಯ ಬಸ್ಸಿಗೆ ಕಾಯುವ ನಾಲ್ಕು ಜನ. ಪರವೂರಿನ ಗೆಳೆಯರಿಗೆ "ನಗರಕ್ಕೆ ಹೋಗಿದ್ದೆ" ಅಂದರೆ ಇವತ್ತಿಗೂ "ಯಾವ ನಗರ?" ಅಂತಲೇ ಕೇಳುತ್ತಾರೆ.

ಈ ಊರಿನ ನಕ್ಷೆಯನ್ನು ಕೈಯಲ್ಲೇ ಬರೆಯಬೇಕು ಅನ್ನೋದು ಈ ವರ್ಷದ ನನ್ನ ಹುಚ್ಚು. ಫೋನಿನಲ್ಲೇ ಇದೆಯಲ್ಲ ಅಂತ ಮನೆಯಲ್ಲಿ ಕೇಳಿದರು. ಇದೆ. ಅದರಲ್ಲಿ ಪೆಟ್ರೋಲ್ ಬಂಕು ಎಲ್ಲಿದೆ ಅಂತ ಸಿಗುತ್ತದೆ. ನನಗೆ ಬೇಕಾಗಿದ್ದು ಬೇರೆ. ಆ ಊರನ್ನು ಆ ಊರಿನ ಅಳತೆಯಲ್ಲೇ ಅಳೆದು ಬರೆಯಬೇಕು. ಆ ಅಳತೆಯ ಹೆಸರು ದಾಯ.

ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಅವನ ಶಿಸ್ತು, ಅಂದರೆ ಕಂದಾಯದ ಕಟ್ಟಳೆ, ನಮ್ಮ ಕಡೆ ಇನ್ನೂ ಮಾತಿನಲ್ಲಿ ಉಳಿದಿದೆ. ಗದ್ದೆಯ ಮಣ್ಣನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ಬಗೆ ಮಾಡಿ, ಬೆಳೆಯ ಮೂರನೇ ಒಂದು ಪಾಲು ಕಂದಾಯ ಅಂತ ಗೊತ್ತು ಮಾಡಿದ. ಅಡಿಕೆ ತೋಟಕ್ಕೆ ಲೆಕ್ಕ ಬೇರೆ. ಅಲ್ಲಿ ದಾಯದ ಕೋಲು. ಅದರ ಉದ್ದ 18 ಅಡಿ 6 ಇಂಚು ಅಂತ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಬಾಗಿಲಿನ ಕಲ್ಲು ಮೆಟ್ಟಿಲು ಎಷ್ಟು ಉದ್ದವೋ ಕೋಲೂ ಅಷ್ಟೇ. ಒಂದು ದಾಯದ ಜಾಗ ಒಂದು ಮರಕ್ಕೆ. ಸಾವಿರ ದಾಯಕ್ಕೆ ಇಷ್ಟು ವರಹ ಅಂತ ಕಂದಾಯ.

ಓದಿದ ಮೇಲೆ ಕೂರಲಾಗಲಿಲ್ಲ. ಸಾಗರಕ್ಕೆ ಹೋಗುವ ಕೆಲಸವೂ ಇತ್ತು, ಹಾಗೇ ಇಕ್ಕೇರಿಗೆ ಹೋದೆ. ಜೇಬಿನಲ್ಲಿ ಟೇಪು ಇತ್ತು. ಒಳಗೆ ನೆಲದ ಕಲ್ಲಿನಲ್ಲಿ ಅಡ್ಡಬಿದ್ದ ಮೂವರು ನಾಯಕರು ಇದ್ದಾರಲ್ಲ, ಹೆಸರು ಸಮೇತ ಕೆತ್ತಿದ್ದು, ಅವರನ್ನು ನೋಡುತ್ತಾ ನಿಂತುಬಿಟ್ಟೆ. ಟೇಪು ತೆಗೆಯುವ ಹೊತ್ತಿಗೆ ಒಂದು ಶಾಲೆಯ ಮಕ್ಕಳು ಬಂದು ಮೆಟ್ಟಿಲ ತುಂಬಾ ಕೂತರು. ಮೇಷ್ಟ್ರು ಫೋಟೋ ತೆಗೆಯುತ್ತಿದ್ದರು. ಏಳಿ ಅನ್ನೋಕೆ ಮನಸ್ಸು ಬರಲಿಲ್ಲ. ಪುಸ್ತಕದ ಅಳತೆಯೇ ಇರಲಿ ಅಂತ ವಾಪಸ್ ಬಂದೆ.

ಗಳ ಕಡಿದಿದ್ದು

ಕೋಲಿಗೆ ಬಿದಿರೇ ಆಗಬೇಕಿತ್ತು. ಬಿದನೂರಿನ ಹೆಸರೇ ಬಿದಿರಿನಿಂದ ಬಂದಿದ್ದು, ಸಂಸ್ಕೃತದವರು ವೇಣುಪುರ ಅಂದರು. ಅಕ್ಕನ ಮನೆ ನಗರದ ಹತ್ತಿರವೇ. ಭಾವನ ತೋಟದ ಅಂಚಿನಲ್ಲಿ ಒಂದು ಮೆಳೆ ಇದೆ. ಕಡಿಯೋಕೆ ಹೋದರೆ ಭಾವ ತಡೆದರು. "ಈಗ ಬೆಳಕು. ಅಮಾಸೆ ಹತ್ರ ಬರ್ಲಿ, ಕತ್ತಲಲ್ಲಿ ಕಡಿದ್ರೆ ಹುಳ ಹೊಡೆಯಲ್ಲ." ದೀಪಾವಳಿ ಅಮಾವಾಸ್ಯೆಗೆ ಎರಡು ದಿನ ಇದೆ ಅನ್ನುವಾಗ ಕಡಿದೆವು. ಹಬ್ಬದ ರಾತ್ರಿ ಮನೆಮನೆಗೆ ಹಾಡುತ್ತಾ ಬರುವ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಬಂದಾಗ ಗಳ ಜಗುಲಿಯ ಉದ್ದಕ್ಕೂ ಮಲಗಿತ್ತು. ದೀಪಕ್ಕೆ ಎಣ್ಣೆ ಹಾಕಿ, ಅವರೆಲ್ಲ ಅದನ್ನು ದಾಟಿಕೊಂಡೇ ಹೋದರು.

ಹದಿನೆಂಟೂವರೆ ಅಡಿ ಗಳ ಬೈಕಿನಲ್ಲಿ ಹೋಗಲ್ಲ. ನಡುವೆ ಕೊಯ್ದು ಎರಡು ತುಂಡು ಮಾಡಿದೆ. ಒಂದರ ತುದಿ ಕೆತ್ತಿ ಸಣ್ಣ ಮಾಡಿ ಇನ್ನೊಂದರ ಟೊಳ್ಳಿನೊಳಗೆ ತೂರಿಸಿ, ಮೇಲೆ ಕತ್ತದ ಹಗ್ಗ ಬಿಗಿದೆ. ನೋಡೋಕೆ ಚೆನ್ನಾಗಿತ್ತು. ಭಾವನೂ ಹೂಂ ಅಂದರು.

ಮೊದಲ ಭಾನುವಾರ, ಪೂರ್ತಿ ದಂಡ

ನಕ್ಷೆಯಲ್ಲಿ ಒಂದು ದಾಯಕ್ಕೆ 3 ಮಿಲಿಮೀಟರ್ ಅಂತ ಇಟ್ಟುಕೊಂಡಿದ್ದೆ. ಒಂದು ಕಿಲೋಮೀಟರಿಗೆ 177 ದಾಯ ಚಿಲ್ಲರೆ, ಹಾಳೆಯ ಮೇಲೆ 53 ಸೆಂಟಿಮೀಟರ್. ಎರಡು ಗ್ರಾಫ್ ಹಾಳೆ ಅಂಟಿಸಿದರೆ ಪೇಟೆ, ಕೋಟೆ ಎರಡೂ ಹಿಡಿಯುತ್ತವೆ.

ಬೆಳಗ್ಗೆ ಏಳಕ್ಕೆ ಚಿಕ್ಕಪೇಟೆಯಿಂದ ಶುರು ಮಾಡಿದೆ. ಅಕ್ಕನ ಮಗ ಮುಂದಿನ ತುದಿ ಹಿಡಿದ, ನಾನು ಹಿಂದಿನದು. ಕೋಲು ಮಲಗಿಸೋದು, ಸುಣ್ಣದಲ್ಲಿ ಗೆರೆ ಎಳೆಯೋದು, ಎತ್ತೋದು. ಬಸ್ಸು ಬಂದರೆ ಇಬ್ಬರೂ ಚರಂಡಿ ಕಡೆ ಜಿಗಿಯೋದು. ಮಧ್ಯಾಹ್ನದ ಹೊತ್ತಿಗೆ ಮೊದಲ ತಿರುವಿನವರೆಗೆ 40 ದಾಯ ಅಂತ ಬರೆದುಕೊಂಡೆ.

ಊಟಕ್ಕೆ ಕೂತಾಗ ಹುಡುಗ ಕೇಳಿದ: "ಮಾವ, ಒಳಗೆ ತೂರಿಸಿದ್ದು ಲೆಕ್ಕಕ್ಕೆ ಬರಲ್ವಾ?"

ಅನ್ನ ಗಂಟಲಲ್ಲೇ ನಿಂತಿತು. ಹದಿನೆಂಟೂವರೆ ಅಡಿ ಸರಿಯಾಗಿ ಕತ್ತರಿಸಿ, ಆಮೇಲೆ ಒಂದು ಗೇಣು ಒಳಗೆ ತೂರಿಸಿದ್ದೆ. ಕೋಲು 17 ಅಡಿ 9 ಇಂಚು. ನನ್ನ 40 ದಾಯ ನಿಜಕ್ಕೆ ಮೂವತ್ತೆಂಟೂ ಕಾಲು, ಮೂವತ್ತೆಂಟೂವರೆ ನಡುವೆ ಎಲ್ಲೋ. ಆರನೇ ಕ್ಲಾಸಿನ ಹುಡುಗನಿಗೆ ಹೊಳೆದಿದ್ದು ನನಗೆ ಹೊಳೆದಿರಲಿಲ್ಲ.

ಆದರೆ ಆ ರಾತ್ರಿ ಸುಮ್ನೆ ಲೆಕ್ಕ ಹಾಕುತ್ತಾ ಕೂತಾಗ ಬೇರೇನೋ ಕಾಣಿಸಿತು. ಕೋಲು ಗಿಡ್ಡ ಆದರೆ ದಾಯದ ಎಣಿಕೆ ಏರುತ್ತದೆ. ತೋಟದ ದಾಯ ಚೌಕದ ಲೆಕ್ಕ, ಹಾಗಾಗಿ ಉದ್ದದಲ್ಲೂ ಏರುತ್ತದೆ, ಅಗಲದಲ್ಲೂ ಏರುತ್ತದೆ. ನನ್ನ ಗಿಡ್ಡ ಕೋಲಿನಲ್ಲಿ ಅಳೆದರೆ ಸಾವಿರ ದಾಯದ ತೋಟ 1,086 ದಾಯ. ಮರ ಒಂದೂ ಹೆಚ್ಚಾಗಿಲ್ಲ, ಕಂದಾಯ ಮಾತ್ರ 86 ದಾಯದಷ್ಟು ಜಾಸ್ತಿ. ಅಳೆಯೋಕೆ ಬಂದವನು ಒಂದು ಗೇಣು ಕದ್ದರೆ ಸಾಕು, ರೈತನಿಗೆ ಗೊತ್ತೇ ಆಗಲ್ಲ. ಇಕ್ಕೇರಿಯ ಮೆಟ್ಟಿಲಿಗೆ ಯಾಕೆ ಅಷ್ಟು ಬೆಲೆ ಅಂತ ಆಗ ತಿಳಿಯಿತು. ಕಲ್ಲು ಅರಮನೆಯ ಉಗ್ರಾಣದಲ್ಲಿಲ್ಲ, ದೇವರ ಬಾಗಿಲಲ್ಲಿದೆ. ಅನುಮಾನ ಬಂದವನು ತನ್ನ ಕೋಲು ತಂದು ಪಕ್ಕದಲ್ಲಿಟ್ಟು ನೋಡಬಹುದು. ಹೀಗೇ ಯೋಚಿಸಿ ಮಾಡಿದ್ದರು ಅಂತ ಎಲ್ಲೂ ಓದಿದ್ದಲ್ಲ, ನನ್ನ ಊಹೆ. ತಪ್ಪು ಕೋಲು ಹಿಡಿಯದೇ ಇದ್ದಿದ್ದರೆ ಈ ಊಹೆಯೂ ಬರುತ್ತಿರಲಿಲ್ಲ.

ಕೆಳಗಿನ ತುಂಡನ್ನು ಬದಲಾಯಿಸಿದೆ, ಒಂದು ಗೇಣು ಉದ್ದದ್ದು ಹಾಕಿದೆ. ಈಗ ಟೇಪಿಗೆ ಸರಿ ಇದೆ.

ಎರಡನೇ, ಮೂರನೇ ಭಾನುವಾರ

ಚಿಕ್ಕಪೇಟೆ ಮುಗಿಯಿತು. ಅಳೆದಿದ್ದಕ್ಕಿಂತ ಉತ್ತರ ಕೊಟ್ಟಿದ್ದೇ ಜಾಸ್ತಿ. ಇಬ್ಬರು ಕೋಲು ಹಿಡಿದು ರಸ್ತೆ ಅಳೆಯುತ್ತಿದ್ದರೆ ನಮ್ಮ ಕಡೆ ಯಾರೂ ಸುಮ್ಮನಿರಲ್ಲ. ರಸ್ತೆ ಅಗಲ ಮಾಡ್ತಾರಾ, ಬಗರ್‌ಹುಕುಂ ಸರ್ವೆಯಾ, ಅರಣ್ಯ ಇಲಾಖೆಯವರಾ? ಒಂದು ಜಗುಲಿಯಲ್ಲಿ ಸುಲಿದ ಅಡಿಕೆ ಹೆರಕುತ್ತಿದ್ದ ಅಜ್ಜಿ ಕೈ ನಿಲ್ಲಿಸದೇ ಕೇಳಿದರು: "ಎಂತ ಮಾರಾಯ್ರೆ, ಮತ್ತೆ ಮುಳುಗಡೆಯಾ?"

ತಮಾಷೆಗೆ ಕೇಳಿದ್ದಲ್ಲ ಅದು. ಅವರ ತವರು ಶರಾವತಿ ಹಿನ್ನೀರಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷವಂತೆ. ಆಮೇಲೆ ಈ ಕಡೆಯೇ ಚಕ್ರಾ, ಸಾವೆಹಕ್ಲು, ವಾರಾಹಿ ಅಂತ ಒಂದರ ಹಿಂದೆ ಒಂದು ನೀರು ನಿಂತಿತು. ಅಳೆಯುವವರು ಬಂದರೆ ಹಿಂದೆ ನೀರು ಬರುತ್ತದೆ ಅನ್ನೋದು ಅವರು ಕಣ್ಣಾರೆ ಕಂಡಿದ್ದು. ನಕ್ಷೆ ಸುಮ್ನೆ ಹವ್ಯಾಸಕ್ಕೆ ಅಜ್ಜಿ ಅಂದೆ. ನಂಬಿದರೋ ಇಲ್ಲವೋ, ಒಂದು ಲೋಟ ಮಜ್ಜಿಗೆಯಂತೂ ಬಂತು. ಅವತ್ತಿನಿಂದ ಕೋಲು ಎತ್ತುವ ಮೊದಲು ಮನೆಯವರಿಗೆ ಹೇಳಿಯೇ ಎತ್ತುತ್ತೇನೆ.

ಊರಿನ ಹಣೆಬರಹವೂ ಹಾಗೇ ಇದೆ, ಯಾವಾಗಲೂ ಏನೋ ಒಂದು ಇಲ್ಲಿಗೆ ಬಂದಿದೆ, ಇಲ್ಲ ಇಲ್ಲಿಂದ ಎದ್ದು ಹೋಗಿದೆ. ಕೆಳದಿಯಿಂದ ಇಕ್ಕೇರಿಗೆ ಹೋಗಿದ್ದ ರಾಜಧಾನಿ 1639ರ ಸುಮಾರಿಗೆ ಇಲ್ಲಿಗೆ ಬಂತು. 1763ರಲ್ಲಿ ಹೈದರಾಲಿ ಬಂದ. ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಹಾಕಿಸಿ ಹೊರಟಳು. ಹೈದರ್‌ನಗರ ಅಂತ ಹೆಸರಾಯಿತು, ಅದರ ಬಾಲವೇ ಈಗಿನ ನಗರ. ಹೈದರ್ ಹೊಡೆಸಿದ ವರಹದ ಮೇಲೂ ಶಿವ ಪಾರ್ವತಿಯರೇ. ಜನ ಕೈಗೆ ತೆಗೆದುಕೊಳ್ಳುವ ನಾಣ್ಯ ತಾನೇ, ಬದಲಾಯಿಸಿದರೆ ಸಂತೆಯಲ್ಲಿ ಯಾರು ಮುಟ್ಟುತ್ತಾರೆ? 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ವಾಪಸ್ ಕಿತ್ತುಕೊಂಡ. 1830ರಲ್ಲಿ ಎದ್ದ ನಗರದ ದಂಗೆ ಎಷ್ಟು ಜೋರಾಯಿತು ಅಂದರೆ, ಮರುವರ್ಷ ಮೈಸೂರು ರಾಜರ ಕೈಯಿಂದ ಆಡಳಿತವೇ ಬ್ರಿಟಿಷರಿಗೆ ಹೋಯಿತು. ಕೊನೆಗೆ 1890ರ ದಶಕದಲ್ಲಿ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ ಎದ್ದು ಹೋಯಿತು. ಅದೇ ಈಗಿನ ಹೊಸನಗರ, ನಾನಿರುವ ಊರು. ನಮ್ಮ ಊರಿನ ಹೆಸರು ಕೂಡ ಇವರ ಹೆಸರಿಗೆ 'ಹೊಸ' ಸೇರಿಸಿ ಮಾಡಿದ್ದು. ನಗರದವರು ಇದನ್ನು ನೆನಪಿಸದೇ ಬಿಡಲ್ಲ.

ಕೋಟೆ

ಕೋಟೆಯೊಳಗೆ ಗಳ ತೆಗೆದುಕೊಂಡು ಹೋಗಲಿಲ್ಲ. ಸಂರಕ್ಷಿತ ಜಾಗದಲ್ಲಿ ಸುಣ್ಣದ ಗೆರೆ ಎಳೆಯೋದು ಬೇಡ ಅನ್ನಿಸಿತು. ಹೆಜ್ಜೆ ಎಣಿಸಿದೆ, ನನ್ನ ಏಳೂವರೆ ಹೆಜ್ಜೆಗೆ ಒಂದು ದಾಯ. ಬಾಗಿಲಿನ ಎರಡು ಕಡೆ ದುಂಡು ಬುರುಜು, ಮೇಲೆ ಹತ್ತಿದರೆ ದರ್ಬಾರ್ ನಡೆಯುತ್ತಿದ್ದ ಜಾಗದ ಜಗತಿ, ಅಕ್ಕ ತಂಗಿ ಕೊಳ. ಅಲ್ಲಿಗೆ ಬರುವಾಗ ಎಣಿಕೆ ತಪ್ಪಿತು. ಹುಡುಗ "ಮಾವ, ಉಂಬಳ!" ಅಂತ ಕೂಗಿದ. ಮಳೆ ನಿಂತು ತಿಂಗಳಾಗಿದ್ದರೂ ಕೊಳದ ಬದಿಯ ಹಸಿಯಲ್ಲಿ ಒಂದು ಜಿಗಣೆ ಉಳಿದುಕೊಂಡು ನನ್ನ ಕಾಲಿಗೇ ಕಾದಿತ್ತು. ಮತ್ತೆ ಬಾಗಿಲಿಂದ ಎಣಿಸಬೇಕು.

ತೋಟದಲ್ಲಿ ಒಂದು ಪರೀಕ್ಷೆ

ಮೊನ್ನೆ ಭಾವನ ತೋಟದಲ್ಲಿ ಕೋಲು ಮಲಗಿಸಿ ನೋಡಿದೆ. ಈಗ ಅಡಿಕೆ ನೆಡೋದು ಸುಮಾರು ಒಂಬತ್ತು ಅಡಿಗೊಂದು. ಹಾಗಾಗಿ ಹೊಸ ಪ್ಲಾಟಿನಲ್ಲಿ ಒಂದು ದಾಯದ ಚೌಕಕ್ಕೆ ನಾಲ್ಕು ಮರ ಬಂತು. ಹಳೇ ತೋಟದಲ್ಲಿ ಸಾಲೂ ಇಲ್ಲ, ಲೆಕ್ಕವೂ ಇಲ್ಲ. ಒಂದು ಕಡೆ ಐದು, ಇನ್ನೊಂದು ಕಡೆ ಎರಡು ಮರ, ಒಂದು ಬಾಳೆ. "ಶಿವಪ್ಪ ನಾಯಕ ಬಂದಿದ್ರೆ ನಿಮ್ಗೆ ಲಾಭ ಭಾವ, ನಾಲ್ಕು ಮರ ಇಟ್ಕೊಂಡು ಒಂದು ಮರದ ಕಂದಾಯ" ಅಂದೆ. ಭಾವ ಮೇಲೆ ನೋಡುತ್ತಿದ್ದರು. ಹೆಡೆಗಳ ತುಂಬಾ ಎಲೆಚುಕ್ಕಿ ರೋಗ. "ಅವ್ನು ಬಂದ್ರೆ ಇದಕ್ಕೊಂದು ಔಷಧಿ ಕೇಳು" ಅಂದರು.

ಸದ್ಯಕ್ಕೆ

ಅಡಿಕೆಯ ಕೊನೆಕೊಯ್ಲು ಶುರುವಾಗಿದೆ. ಹುಡುಗನೂ ಅಡಿಕೆ ಹೆಕ್ಕೋಕೆ ಹೋಗಿದ್ದಾನೆ, ಅಳೆಯೋಕೆ ಇನ್ನೊಂದು ಕೈ ಇಲ್ಲ. ಹಾಳೆಯ ಮೇಲೆ ಪೇಟೆಬೀದಿ ಶಾಯಿಯಲ್ಲಿದೆ, ಕೋಟೆ ಪೆನ್ಸಿಲಿನಲ್ಲಿದೆ. ದೇವಗಂಗೆ ಕಡೆ ಪೂರ್ತಿ ಬಿಳಿ. ಅಲ್ಲಿ ಗುಡ್ಡದ ನೀರು ಹಿಡಿದು ಕಟ್ಟಿದ ಕಲ್ಲಿನ ಕೊಳಗಳನ್ನು ಒಂದೊಂದಾಗಿ ಅಳೆಯಬೇಕು, ಒಂದು ದಿನದ ಕೆಲಸ ಅಲ್ಲ.

ನಿನ್ನೆ ಗಳ ತರೋಣ ಅಂತ ಭಾವನ ಮನೆಗೆ ಹೋದೆ. ಜಗುಲಿಯಲ್ಲಿ ಇರಲಿಲ್ಲ. ತೋಟದಲ್ಲಿ ಭಾವನ ಕೈಯಲ್ಲಿತ್ತು, ತುದಿಗೆ ಕತ್ತಿ ಕಟ್ಟಿದ್ದರು. ಅವರ ದೋಟಿ ಮುರಿದಿತ್ತಂತೆ.

"ಭಾವ, ಅದರ ಉದ್ದ ಮಾತ್ರ ಕಡಿಮೆ ಮಾಡ್ಬೇಡಿ."

"ಕತ್ತಿ ಕೂರ್ಲಿಲ್ಲ ಮಾರಾಯ. ಒಂದು ಗೇಣು ಆಗ್ಲೇ ಕೊಯ್ದಾಯ್ತು."